ಬಿಚ್ಚಬಹುದಾದ ಹೆಣಿಗೆ, ಬಿಚ್ಚಲಾಗದ ಅಡುಗೆ

ಹೆಣಿಗೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅದನ್ನು ಬಿಚ್ಚಬಹುದು ಅನ್ನುವುದು. ಒಂದು ಸ್ವೆಟರಿನಲ್ಲಿ ಸಾವಿರಾರು ಕುಣಿಕೆಗಳಿರುತ್ತವೆ. ಆದರೆ ಎಲ್ಲೂ ಗಂಟಿರುವುದಿಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದುಕೊಳ್ಳುತ್ತೇವೆ, ಅದರೊಳಗಿಂದ ಮತ್ತೊಂದು, ಹೀಗೇ ಸಾಲು ಸಾಲಾಗಿ. ಸೂಜಿ ತೆಗೆದು ನೂಲಿನ ತುದಿ ಹಿಡಿದು ಎಳೆದರೆ ಅಷ್ಟೂ ಸಾಲು ಸರಸರ ಬಿಚ್ಚಿಕೊಂಡು ಕೈಗೆ ನೂಲೇ ವಾಪಸ್ ಬರುತ್ತದೆ.

ಅಡುಗೆಗೆ ಈ ಭಾಗ್ಯ ಇಲ್ಲ. ಬೆಂದ ಮೊಟ್ಟೆ ಮತ್ತೆ ಹಸಿಯಾಗುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿದ ಸಕ್ಕರೆ ಮತ್ತೆ ಬೆಳ್ಳಗಾಗುವುದಿಲ್ಲ. ಉಪ್ಪು ಜಾಸ್ತಿಯಾದರೆ ತೆಗೆಯಲು ಬರುವುದಿಲ್ಲ, ಉಳಿದದ್ದನ್ನೆಲ್ಲ ಜಾಸ್ತಿ ಮಾಡಿ ಸರಿದೂಗಿಸಬೇಕು, ಅಷ್ಟೇ.

ಬಿಡುವಿನ ದಿನ ಸಿಕ್ಕರೆ ನಾನು ಈ ಎರಡನ್ನೂ ಮಾಡುತ್ತೇನೆ, ಎರಡರಲ್ಲೂ ಆಟ ಆಡುತ್ತೇನೆ. ಒಲೆಯ ಮೇಲೆ ಏನಾದರೂ ನಿಧಾನವಾಗಿ ಬೇಯುತ್ತಿದ್ದರೆ ಪಕ್ಕದಲ್ಲಿ ಸೂಜಿ ಹಿಡಿದು ಕೂರುತ್ತೇನೆ. ಎರಡೂ ಮನೆಯ ಕೆಲಸ, ಎರಡೂ ಕೈಕೆಲಸ, ಹಾಗಾಗಿ ಒಂದೇ ಥರದ ಹವ್ಯಾಸ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದರಲ್ಲಿ ಹಿಂದಕ್ಕೆ ಹೋಗಬಹುದು, ಇನ್ನೊಂದರಲ್ಲಿ ಆಗುವುದಿಲ್ಲ. ಪ್ರಯೋಗ ಮಾಡುವ ರೀತಿಯೇ ಇದರಿಂದ ಬದಲಾಗಿಬಿಡುತ್ತದೆ.

ಹೆಣಿಗೆಯಿಂದಲೇ ಶುರು ಮಾಡುತ್ತೇನೆ. ಇದರಲ್ಲಿ ಕಲಿಯಬೇಕಾದ ಮೂಲ ಹೊಲಿಗೆ ಎರಡೇ, ನಿಟ್ ಮತ್ತು ಪರ್ಲ್. ನಿಜ ಹೇಳಬೇಕೆಂದರೆ ಒಂದೇ, ಯಾಕೆಂದರೆ ನಿಟ್‌ನ ಹಿಂಬದಿಯೇ ಪರ್ಲ್. ಎರಡು ಸೂಜಿಯಲ್ಲಿ ಹಿಂದೆ ಮುಂದೆ ಹೆಣೆಯುವಾಗ ಪ್ರತಿ ಸಾಲನ್ನೂ ನಿಟ್ ಮಾಡಿದರೆ ಏಣು ಏಣಾಗಿ, ದಪ್ಪಗೆ, ಚಪ್ಪಟೆಯಾಗಿ ಕೂರುವ ಬಟ್ಟೆ ಸಿಗುತ್ತದೆ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಮಾಡಿದರೆ ಮುಂಬದಿ ನುಣ್ಣಗಾಗುತ್ತದೆ, ಆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಎಡಬಲದ ಅಂಚುಗಳು ಹಿಂದಕ್ಕೆ, ಮೇಲಿನ ಕೆಳಗಿನ ಅಂಚುಗಳು ಮುಂದಕ್ಕೆ. ಇದನ್ನು ಮೊದಲ ಸಲ ನೋಡಿದವರು ಹೆಣೆದವರ ಕೈ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಕೈಯದ್ದೇನೂ ತಪ್ಪಿಲ್ಲ. ಬಾಗಿಸಿದ ನೂಲು ನೇರವಾಗಲು ನೋಡುತ್ತಿರುತ್ತದೆ, ಎಲ್ಲ ಕುಣಿಕೆಗಳೂ ಒಂದೇ ಕಡೆಗೆ ಬಾಗಿರುವುದರಿಂದ ಆ ಎಳೆತವೆಲ್ಲ ಒಂದಾಗಿ ಬಟ್ಟೆಯನ್ನೇ ಸುತ್ತಿಬಿಡುತ್ತದೆ. ಒಂದೇ ಸಾಲಿನೊಳಗೆ ಎರಡು ನಿಟ್, ಎರಡು ಪರ್ಲ್ ಅಂತ ಬೆರೆಸಿದರೆ ಎರಡೂ ಕಡೆಯ ಎಳೆತ ಸಮವಾಗಿ ಸುರುಳಿ ನಿಲ್ಲುತ್ತದೆ, ಜೊತೆಗೆ ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ. ಟೋಪಿಯ ಅಂಚು, ಸ್ವೆಟರಿನ ಮುಂಗೈ, ಕಾಲುಚೀಲದ ಮೇಲ್ಭಾಗ ಎಲ್ಲ ಹೀಗೆ ಇರುವುದು ಅದಕ್ಕೇ.

ಇಷ್ಟು ಗೊತ್ತಾದ ಮೇಲೆ ಆಟ ಶುರು. ಸುರುಳಿಯನ್ನು ತಡೆಯಲೇಬೇಕು ಅಂತ ಏನಿದೆ? ಟೋಪಿಯ ಅಂಚನ್ನು ಬೇಕಂತಲೇ ಸುರುಳಿ ಸುತ್ತಲು ಬಿಟ್ಟರೆ ಅದೇ ಒಂದು ಚೆಂದದ ಅಂಚಾಗುತ್ತದೆ. ಕುಣಿಕೆಯೊಂದನ್ನು ಬೇಕೆಂದೇ ಸೂಜಿಯಿಂದ ಬೀಳಿಸಿ ಬುಡದವರೆಗೂ ಬಿಚ್ಚಲು ಬಿಟ್ಟರೆ ಏಣಿಯಂಥ ಜಾಲರಿ ಮೂಡುತ್ತದೆ. ಬೇಡ ಅನಿಸಿದರೆ ಕ್ರೋಶಾ ಕಡ್ಡಿ ತೆಗೆದುಕೊಂಡು ಏಣಿಯ ಒಂದೊಂದೇ ಮೆಟ್ಟಿಲನ್ನು ಕುಣಿಕೆಯೊಳಗೆ ಎಳೆಯುತ್ತಾ ಮೇಲಕ್ಕೆ ಬಂದರಾಯಿತು, ಬಟ್ಟೆ ಮೊದಲಿನಂತೆಯೇ ಆಗುತ್ತದೆ. ಕುಣಿಕೆ ಬಿತ್ತು ಅಂದರೆ ಹೊಸದಾಗಿ ಕಲಿಯುವವರ ಜೀವವೇ ಬಾಯಿಗೆ ಬರುತ್ತದೆ. ಕಲಿಸುವವರು ಮೊದಲ ವಾರವೇ ಕುಣಿಕೆ ಬೀಳಿಸಿ, ಎತ್ತಿ ತೋರಿಸಿಬಿಟ್ಟರೆ ಅರ್ಧ ಭಯ ಅಲ್ಲೇ ಹೋಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜಾಲರಿ ಹೆಣಿಗೆಯಂಥ ಕಷ್ಟದ ವಿನ್ಯಾಸ ಆದರೆ ಇನ್ನೊಂದು ಉಪಾಯ ಇದೆ. ಎಲ್ಲ ಸರಿಯಾಗಿರುವ ಒಂದು ಸಾಲಿನಲ್ಲಿ, ಸೂಜಿಯ ಮೇಲಿರುವ ಕುಣಿಕೆಗಳೊಳಗೆ ಬೇರೆ ಬಣ್ಣದ ತೆಳ್ಳನೆ ದಾರ ಪೋಣಿಸಿ ಹಾಗೇ ಬಿಡುವುದು. ಮುಂದೆ ಎಷ್ಟು ಬಿಚ್ಚಿದರೂ ಆ ದಾರದ ಹತ್ತಿರ ಬಂದು ನಿಲ್ಲುತ್ತದೆ. ನಾನು ಹೊಸದೇನಾದರೂ ಮಾಡಿ ನೋಡುವ ಮೊದಲು ಈ ದಾರ ಹಾಕಿಕೊಳ್ಳುತ್ತೇನೆ. ಆಮೇಲೆ ಮನಸ್ಸಿಗೆ ಬಂದಂತೆ ಹೆಣೆಯಲು ಏನೂ ಅಳುಕಿರುವುದಿಲ್ಲ.

ಬಿಚ್ಚಿದ ನೂಲು ಸುಕ್ಕು ಸುಕ್ಕಾಗಿರುತ್ತದೆ, ಅದರಿಂದಲೇ ಮತ್ತೆ ಹೆಣೆದರೆ ಕುಣಿಕೆಗಳು ಸಮವಾಗಿ ಬರುವುದಿಲ್ಲ. ಉಣ್ಣೆಯಾದರೆ ಲಡಿ ಸುತ್ತಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ನೀರಲ್ಲಿ ನೆನೆಸಿ, ತೂಗುಹಾಕಿ ಒಣಗಿಸಿದರೆ ಸುಕ್ಕು ಬಹುಪಾಲು ಹೋಗುತ್ತದೆ. ಎಲ್ಲ ನೂಲೂ ಹೀಗೆ ಒಳ್ಳೆಯ ಮಾತು ಕೇಳುವುದಿಲ್ಲ. ಮೊಹೇರ್ ಅಂತ ಒಂದು ಜಾತಿಯ ಆಡಿನ ರೋಮದ ನೂಲಿದೆ, ಅದರ ಉದ್ದ ರೋಮಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಿಚ್ಚುವುದೇ ಒಂದು ಸಾಹಸ. ಹಾಗಾಗಿ ಪ್ರಯೋಗಕ್ಕೆ ನಯವಾದ, ಸ್ವಲ್ಪ ಹಿಗ್ಗುವ ಉಣ್ಣೆಯೇ ಒಳ್ಳೆಯದು. ಹತ್ತಿ ನೂಲಿಗೆ ತನ್ನಷ್ಟಕ್ಕೆ ಹಿಗ್ಗುವ ಗುಣ ಕಡಿಮೆ, ಆದರೆ ಅದನ್ನೇ ಹೆಣೆದರೆ ಬಟ್ಟೆ ಹಿಗ್ಗುತ್ತದೆ, ಯಾಕೆಂದರೆ ಅಲ್ಲಿ ಹಿಗ್ಗುವುದು ಕುಣಿಕೆಯ ಆಕಾರ. ಈ ಮಾತು ಯಾವಾಗಲೂ ನನಗೆ ನಾದಿದ ಗೋಧಿ ಹಿಟ್ಟನ್ನು ನೆನಪಿಸುತ್ತದೆ. ಅಲ್ಲೂ ಅಷ್ಟೇ, ನೀರು ಬಿದ್ದ ಹಿಟ್ಟಿನ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ, ಹಿಟ್ಟು ಹಿಗ್ಗುವುದು ಆ ಬಲೆಯಿಂದ. ನಾದಿದ ಕೂಡಲೇ ಲಟ್ಟಿಸಲು ಹೋದರೆ ಅದು ಮತ್ತೆ ಮತ್ತೆ ಕುಗ್ಗುತ್ತದೆ. ಅರ್ಧ ಗಂಟೆ ಮುಚ್ಚಿಟ್ಟರೆ ಬಲೆ ಸಡಿಲಗೊಂಡು ಹೇಳಿದಂತೆ ಕೇಳುತ್ತದೆ. ಹೆಣೆದ ಬಟ್ಟೆಯನ್ನೂ ಒದ್ದೆ ಮಾಡಿ, ಬೇಕಾದ ಆಕಾರಕ್ಕೆ ಎಳೆದು, ಗುಂಡುಸೂಜಿ ಚುಚ್ಚಿ ಒಣಗಲು ಬಿಟ್ಟಾಗ ಸಿಗುವ ಫಲಿತಾಂಶ ಇಂಥದ್ದೇ.

ಈಗ ಅಳತೆಯ ವಿಷಯ. ಸ್ವೆಟರ್ ಶುರು ಮಾಡುವ ಮೊದಲು ಒಂದು ಸ್ಯಾಂಪಲ್ ಚೌಕ ಹೆಣೆದು, 10 ಸೆಂಟಿಮೀಟರ್ ಅಗಲದಲ್ಲಿ ಎಷ್ಟು ಕುಣಿಕೆ ಬಂತು ಅಂತ ಎಣಿಸಬೇಕು. ಇದನ್ನು ಬಹಳ ಜನ ಬೇಸರದ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಲೆಕ್ಕ ನೋಡಿ. ವಿನ್ಯಾಸದಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಅಂತಿದೆ, ಎದೆಯ ಸುತ್ತಳತೆ 100 ಸೆಂಟಿಮೀಟರ್. ಅಂದರೆ 220 ಕುಣಿಕೆ ಹಾಕಿಕೊಳ್ಳುತ್ತೀರಿ. ನಿಮ್ಮ ಕೈ ಸ್ವಲ್ಪ ಸಡಿಲ, 20 ಕುಣಿಕೆಯೇ ಬರುತ್ತಿದೆ ಅಂತಿಟ್ಟುಕೊಳ್ಳಿ. ಅದೇ 220 ಕುಣಿಕೆ ಈಗ 110 ಸೆಂಟಿಮೀಟರ್ ಆಯಿತು. 10 ಸೆಂಟಿಮೀಟರಿನ ಮೇಲೆ ಬರೀ ಎರಡು ಕುಣಿಕೆಯ ವ್ಯತ್ಯಾಸ, ಸ್ವೆಟರ್ ಒಂದು ಸೈಜು ದೊಡ್ಡದಾಗಿಬಿಟ್ಟಿತು! ಹೆಣೆದ ಚೌಕವನ್ನು ಒಗೆದು ಒಣಗಿಸಿ ಆಮೇಲೆ ಅಳೆಯಬೇಕು, ಯಾಕೆಂದರೆ ನೀರು ಬಿದ್ದ ಮೇಲೆ ನೂಲು ಅರಳುವುದೂ ಜೋಲುವುದೂ ಇದೆ.

ನನಗಂತೂ ಈ ಚೌಕಗಳೇ ಹೆಣಿಗೆಯ ಅತ್ಯಂತ ಖುಷಿಯ ಭಾಗ. ಅದೇ ನೂಲು, ಸೂಜಿ ಮಾತ್ರ ಬೇರೆ. 3 ಮಿಲಿಮೀಟರ್ ಸೂಜಿಯಲ್ಲಿ ಗಟ್ಟಿಯಾಗಿ ನಿಲ್ಲುವ ಬಟ್ಟೆ, 6 ಮಿಲಿಮೀಟರಿನಲ್ಲಿ ಇಳಿಬೀಳುವ ಮೆತ್ತನೆ ಬಟ್ಟೆ. ಎರಡು ತೆಳ್ಳನೆ ಎಳೆಗಳನ್ನು ಜೊತೆಗೆ ಹಿಡಿದು ಹೆಣೆದರೆ ಅಂಗಡಿಯಲ್ಲಿ ಸಿಗದ ಮೂರನೇ ಬಣ್ಣವೊಂದು ಹುಟ್ಟುತ್ತದೆ. ಇಂಥ ಚೌಕಗಳು ನನ್ನ ಹತ್ತಿರ ಒಂದು ಡಬ್ಬಿ ತುಂಬಾ ಇವೆ. ಅವು ಏನೂ ಆಗಬೇಕಿಲ್ಲ. ಅವುಗಳನ್ನು ಜೋಡಿಸಿ ಹೊದಿಕೆ ಮಾಡು ಅಂತ ಹೇಳುವವರಿದ್ದಾರೆ, ನನಗೆ ಬೇಕಾಗಿಲ್ಲ. ಹೊಸದೇನಾದರೂ ಯೋಚಿಸುವಾಗ ಆ ಡಬ್ಬಿ ತೆರೆದು ಮುಟ್ಟಿ ನೋಡುತ್ತೇನೆ, ಅಷ್ಟು ಸಾಕು.

ಅಡುಗೆಗೆ ಬರೋಣ. ಹಿಂದಕ್ಕೆ ಹೋಗಲು ಆಗದ ಕಡೆ ಪ್ರಯೋಗ ಮಾಡುವ ದಾರಿ ಬೇರೆ. ಸಣ್ಣದಾಗಿ ಮಾಡಬೇಕು, ಪಾಲು ಮಾಡಿಕೊಳ್ಳಬೇಕು. ಇಡೀ ಪಾತ್ರೆಗೆ ಏನೋ ಒಂದನ್ನು ಸುರಿಯುವ ಬದಲು ಒಂದು ಬಟ್ಟಲಿಗೆ ತೆಗೆದುಕೊಂಡು ಅದರಲ್ಲಿ ಆಟವಾಡಬೇಕು. ಇಷ್ಟವಾಯಿತೋ, ಉಳಿದದ್ದಕ್ಕೂ ಹಾಕಿ. ಇಲ್ಲವೋ, ಹೋದದ್ದು ಒಂದೇ ಬಟ್ಟಲು. ಹೆಣಿಗೆಗಿಂತ ಇದರಲ್ಲಿ ಒಂದು ಲಾಭ ಇದೆ. ಉತ್ತರ ಬೇಗ ಸಿಗುತ್ತದೆ. ಸ್ವೆಟರಿನ ಕುತ್ತಿಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಅಂತ ತಿಳಿಯಲು ವಾರಗಟ್ಟಲೆ ಕಾಯಬೇಕು, ಒಲೆಯ ಮುಂದೆ ಹತ್ತು ನಿಮಿಷ ಸಾಕು.

ಈರುಳ್ಳಿಯನ್ನೇ ತೆಗೆದುಕೊಳ್ಳಿ. ಒಂದೇ ಥರ ಹೆಚ್ಚಿ ಮೂರು ಪಾಲು ಮಾಡಿ. ಒಂದನ್ನು ನೀರಲ್ಲಿ ಬೇಯಿಸಿ. ಇನ್ನೊಂದನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬಾಡಿಸಿ. ಮೂರನೆಯದನ್ನೂ ಹಾಗೇ ಬಾಡಿಸಿ, ಆದರೆ ಚಿಟಿಕೆ ಅಡುಗೆ ಸೋಡಾ ಸೇರಿಸಿ. ನೀರಲ್ಲಿ ಬೆಂದದ್ದು ಎಷ್ಟು ಹೊತ್ತಾದರೂ ಕಂದು ಬಣ್ಣಕ್ಕೆ ಬರುವುದಿಲ್ಲ, ಯಾಕೆಂದರೆ ನೀರಿರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣ ಚುರುಕಾಗಿ ಮೂಡಲು ಸುಮಾರು 140 ಡಿಗ್ರಿ ಬೇಕು. ಎಣ್ಣೆಯಲ್ಲಿದ್ದದ್ದಕ್ಕೆ ಚೆನ್ನಾದ ಬಣ್ಣ ಬರಲು ಮುಕ್ಕಾಲು ಗಂಟೆಯೇ ಬೇಕಾಗಬಹುದು. ಸೋಡಾ ಹಾಕಿದ್ದು ಅದಕ್ಕಿಂತ ಬಹಳ ಬೇಗ ಕಂದಾಗುತ್ತದೆ, ಆದರೆ ಮುದ್ದೆಯಂತಾಗುತ್ತದೆ, ಸೋಡಾ ಒಂದಿಷ್ಟು ಜಾಸ್ತಿಯಾದರೂ ಬಾಯಿಗೆ ಗೊತ್ತಾಗಿಬಿಡುತ್ತದೆ. ಸಕ್ಕರೆಯ ಅಂಶ ಮತ್ತು ಅಮಿನೋ ಆಮ್ಲಗಳು ಸೇರಿ ಆಗುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮೈಲಾರ್ 1912ರಲ್ಲಿ ವಿವರಿಸಿದ, ಅವನ ಹೆಸರೇ ಅದಕ್ಕೆ ನಿಂತಿದೆ. ಬ್ರೆಡ್ಡಿನ ಹೊರಪದರ, ಹುರಿದ ಕಾಫಿ ಬೀಜ, ಸುಟ್ಟ ಮಾಂಸ ಎಲ್ಲದರ ಘಮಕ್ಕೂ ಬಹುಮಟ್ಟಿಗೆ ಇದೇ ಕಾರಣ. ಮೂರು ಪಾಲನ್ನೂ ಒಂದೇ ತಟ್ಟೆಯಲ್ಲಿಟ್ಟು ಮನೆಯವರಿಗೆ ರುಚಿ ನೋಡಲು ಕೊಡಿ. ಒಂದೇ ಈರುಳ್ಳಿ ಅಂತ ನಂಬುವುದಿಲ್ಲ.

ಮೊಟ್ಟೆಯ ಆಟ ಇನ್ನೂ ಸೂಕ್ಷ್ಮ. ಬಿಳಿ ಭಾಗ ಗಟ್ಟಿಯಾಗಲು ಶುರುವಾಗುವುದು ಸುಮಾರು 62 ಡಿಗ್ರಿಗೆ, ಹಳದಿ ಸುಮಾರು 65ಕ್ಕೆ. ಆದರೆ ಬಿಳಿಯಲ್ಲಿ ಹಲವು ಬಗೆಯ ಪ್ರೋಟೀನುಗಳಿವೆ, ಅದರಲ್ಲಿ ಜಾಸ್ತಿ ಇರುವುದು ಪೂರ್ತಿ ಗಟ್ಟಿಯಾಗಲು 80ರ ಹತ್ತಿರ ಹೋಗಬೇಕು. ಹಾಗಾಗಿ ನೀರನ್ನು 65 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದು ಒಂದು ಗಂಟೆ ಇಟ್ಟರೆ ನಮಗೆ ರೂಢಿ ಇರುವುದಕ್ಕೆ ತಿರುಗುಮುರುಗು ಆಗುತ್ತದೆ. ಹಳದಿ ಜಾಮಿನ ಹಾಗೆ ಮಂದವಾಗಿರುತ್ತದೆ, ಬಿಳಿ ಇನ್ನೂ ಅಲುಗಾಡುತ್ತಿರುತ್ತದೆ. ಒಂದು ಥರ್ಮಾಮೀಟರ್, ದಪ್ಪ ತಳದ ಪಾತ್ರೆ ಮತ್ತು ತಾಳ್ಮೆ ಇದ್ದರೆ ಸಾಕು. ಇಂಥ ಹೊತ್ತಿಗೆ ಹೆಣಿಗೆ ಕೈಯಲ್ಲಿದ್ದರೆ ಎಷ್ಟು ಒಳ್ಳೆಯದು ಅಂತ ಮಾಡಿದವರಿಗೇ ಗೊತ್ತು.

ಅಡುಗೆಮನೆಯಲ್ಲಿ ಹೀಗೆ ಆಡುವುದು ಕಾಲಹರಣ ಅಂತ ಯಾರಾದರೂ ಅಂದರೆ ನಾನು ನಿಕೊಲಸ್ ಕುರ್ಟಿಯ ಮಾತು ಎತ್ತುತ್ತೇನೆ. ತೀರಾ ಕಡಿಮೆ ಉಷ್ಣತೆಯ ಭೌತಶಾಸ್ತ್ರದಲ್ಲಿ ದೊಡ್ಡ ಹೆಸರು ಆತನದು. 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅಡುಗೆಮನೆಯ ಭೌತವಿಜ್ಞಾನದ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟ. ಶುಕ್ರಗ್ರಹದ ವಾತಾವರಣ ಎಷ್ಟು ಬಿಸಿ ಅಂತ ಅಳೆಯುವ ನಮಗೆ ನಮ್ಮದೇ ಸೂಫ್ಲೆಯ (ಮೊಟ್ಟೆಯ ನೊರೆಯಿಂದ ಉಬ್ಬಿಸಿ ಬೇಯಿಸುವ ತಿನಿಸು) ಒಳಗೆ ಏನಾಗುತ್ತಿದೆ ಅಂತ ಗೊತ್ತಿಲ್ಲವಲ್ಲ ಅನ್ನುವುದು ಆತನ ಕೊರಗು. ಮುಂದೆ 1988ರಲ್ಲಿ ಆತ ಮತ್ತು ಫ್ರಾನ್ಸಿನ ಎರ್ವೆ ತಿಸ್ ಸೇರಿ ಈ ಕೆಲಸಕ್ಕೊಂದು ಶಾಸ್ತ್ರದ ಹೆಸರನ್ನೇ ಇಟ್ಟರು. ಆದರೆ ಹೊಸದು ಹೊಳೆಯಲು ಲ್ಯಾಬು ಬೇಕೇ ಬೇಕು ಅಂತಿಲ್ಲ. ಕಡಲೆ ಬೇಯಿಸಿದ ನೀರನ್ನು ಎಲ್ಲರೂ ಚೆಲ್ಲುತ್ತಿದ್ದರು ಅಲ್ವಾ? ಅದನ್ನು ಮೊಟ್ಟೆಯ ಬಿಳಿಯಂತೆ ಕಡೆದರೆ ನೊರೆ ನಿಲ್ಲುತ್ತದೆ ಅಂತ 2014ರಲ್ಲಿ ತೋರಿಸಿದ ಜೊಯೆಲ್ ರೋಸೆಲ್ ಒಬ್ಬ ಗಾಯಕ. ಇವತ್ತು ಮೊಟ್ಟೆ ತಿನ್ನದ ಎಷ್ಟೋ ಮಂದಿ ಅದರಿಂದ ಮೆರಿಂಗ್, ಅಂದರೆ ನೊರೆಗೆ ಸಕ್ಕರೆ ಬೆರೆಸಿ ಬೇಯಿಸುವ ಗರಿಗರಿ ಸಿಹಿ, ಮಾಡಿಕೊಳ್ಳುತ್ತಾರೆ. ಬೆಂದ ನೀರು ಸ್ವಲ್ಪ ಮಂದವಾಗಿರಬೇಕು, ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು, ಕಡೆಯುವ ಕೈ ಬೇಗ ಸೋಲಬಾರದು.

ಮಕ್ಕಳಿರುವ ಮನೆಗೆ ಅನಾನಸ್ ಮತ್ತು ಜೆಲಾಟಿನ್ ತುಂಬಾ ಒಳ್ಳೆಯ ಜೋಡಿ. ಜೆಲಾಟಿನ್ ಹಾಕಿದ ಸಿಹಿಯನ್ನು ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ತಾಜಾ ಅನಾನಸ್ ಹೋಳು, ಇನ್ನೊಂದಕ್ಕೆ ಡಬ್ಬಿಯಲ್ಲಿ ಬರುವ ಅನಾನಸ್ ಬೆರೆಸಿ ಫ್ರಿಜ್ಜಿನಲ್ಲಿಡಿ. ತಾಜಾ ಹಣ್ಣು ಬಿದ್ದದ್ದು ಗಟ್ಟಿಯಾಗುವುದೇ ಇಲ್ಲ. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಜೆಲಾಟಿನ್ನಿನ ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ. ಡಬ್ಬಿಯ ಹಣ್ಣನ್ನು ಬಿಸಿ ಮಾಡಿರುತ್ತಾರೆ, ಅಲ್ಲೇ ಕಿಣ್ವದ ಕಥೆ ಮುಗಿದಿರುತ್ತದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಕಾರಣ ತಿಳಿಯಬೇಕಿದ್ದರೆ ಅದು ಸರಿಯೇ. ಆದರೆ ಸುಮ್ನೆ ಆಟಕ್ಕೆ ಅಂತ ಮಾಡುವಾಗ ನಾನು ಮನಸ್ಸಿಗೆ ಬಂದ ಎರಡು ಮೂರನ್ನು ಒಟ್ಟಿಗೇ ಬದಲಿಸುತ್ತೇನೆ. ಖುಷಿಯಾದ ಫಲಿತಾಂಶ ಬಂದಮೇಲೆ ಕಾರಣ ಹುಡುಕಿಕೊಂಡು ಹಿಂದಕ್ಕೆ ಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಅಡುಗೆಯಲ್ಲಿ ಹಿಂದಕ್ಕೆ ಬರಲು ಆಗುವ ಜಾಗಗಳು ಕೆಲವು ಇವೆ. ಅವುಗಳನ್ನು ತಿಳಿದುಕೊಂಡಿರುವುದು ತುಂಬಾ ಉಪಯೋಗ. ಮಯೋನೇಸ್ ಒಡೆದು ಎಣ್ಣೆ ಬೇರೆಯಾದರೆ, ಇನ್ನೊಂದು ಬಟ್ಟಲಿನಲ್ಲಿ ಹೊಸ ಹಳದಿ ತೆಗೆದುಕೊಂಡು, ಒಡೆದದ್ದನ್ನೇ ಹನಿಹನಿಯಾಗಿ ಸೇರಿಸುತ್ತಾ ಕಡೆದರೆ ಮತ್ತೆ ಕೂಡಿಕೊಳ್ಳುತ್ತದೆ. ಸಕ್ಕರೆ ಪಾಕ ಹರಳು ಕಟ್ಟಿದರೆ ನೀರು ಹಾಕಿ ಕರಗಿಸಿ ಮೊದಲಿಂದ ಕಾಯಿಸಬಹುದು, ಬಣ್ಣ ತಿರುಗಿರಬಾರದು ಅಷ್ಟೇ. ಕರಗಿಸಿದ ಚಾಕೊಲೇಟಿಗೆ ಒಂದೆರಡು ಹನಿ ನೀರು ಬಿದ್ದು ಗಂಟುಗಂಟಾದರೆ ಅದಕ್ಕೆ ಮದ್ದು ಇನ್ನೂ ಒಂದಿಷ್ಟು ಬಿಸಿ ನೀರು. ಮೊದಲು ನಂಬಲು ಕಷ್ಟ, ಆದರೆ ಒಂದೊಂದೇ ಚಮಚ ಹಾಕಿ ಕಲಕಿದರೆ ನುಣ್ಣನೆ ಸಾಸ್ ಆಗುತ್ತದೆ. ಅಚ್ಚಿಗೆ ಹಾಕಲು ಬರುವುದಿಲ್ಲ, ಕೇಕಿನ ಮೇಲೆ ಸುರಿಯಲು ಚೆನ್ನಾಗಿರುತ್ತದೆ.

ಹೆಣಿಗೆಯಲ್ಲೂ ಹಿಂದಿರುಗಲಾಗದ ಜಾಗಗಳಿವೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ಹುರುಪೆಗಳಿರುತ್ತವೆ. ಬಿಸಿ ನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪ ಫೆಲ್ಟ್ ಆಗುತ್ತದೆ. ಆಮೇಲೆ ಯಾವ ತುದಿ ಎಳೆದರೂ ಬಿಚ್ಚುವುದಿಲ್ಲ. ಇದನ್ನು ಬೇಕೆಂದೇ ಮಾಡುವುದು ಹೆಣಿಗೆಯಲ್ಲಿ ಅಡುಗೆಗೆ ತೀರಾ ಹತ್ತಿರದ ಆಟ. ದೊಡ್ಡದಾಗಿ, ಜೊಳ್ಳುಜೊಳ್ಳಾಗಿ ಒಂದು ಚೀಲ ಹೆಣೆದು, ಬಿಸಿ ನೀರಲ್ಲಿ ಉಜ್ಜುತ್ತಾ ಆಗಾಗ ತೆಗೆದು ನೋಡುತ್ತಾ ಹದಕ್ಕೆ ಬಂದ ಕೂಡಲೇ ನಿಲ್ಲಿಸಬೇಕು. ಮೆಷಿನ್ನಿನಲ್ಲಿ ಒಗೆಯಬಹುದು ಅಂತ ಬರೆದಿರುವ ಸೂಪರ್‌ವಾಷ್ ಉಣ್ಣೆ ಇದಕ್ಕೆ ಆಗುವುದಿಲ್ಲ, ಅದರ ಹುರುಪೆಗಳನ್ನು ಮೊದಲೇ ಸವೆಸಿ ಅಥವಾ ಮುಚ್ಚಿಬಿಟ್ಟಿರುತ್ತಾರೆ. ಅಕ್ರಿಲಿಕ್ಕಂತೂ ಫೆಲ್ಟ್ ಆಗುವುದೇ ಇಲ್ಲ.

ಇನ್ನೊಂದು ಕತ್ತರಿಯ ಕೆಲಸ. ಸ್ವೆಟರನ್ನು ಕೊಳವೆಯಂತೆ ಸುತ್ತ ಹೆಣೆದು, ಕೊನೆಗೆ ಮುಂಭಾಗವನ್ನು ನೇರವಾಗಿ ಕತ್ತರಿಸಿ ಕಾರ್ಡಿಗನ್ ಮಾಡುವ ಪದ್ಧತಿ ಇದೆ, ಸ್ಟೀಕ್ ಅನ್ನುತ್ತಾರೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಹೆಣಿಗೆ ಸಲೀಸಾಗಿ ಬಿಚ್ಚುವುದು ಮೇಲಿಂದ ಕೆಳಕ್ಕೆ, ಪಕ್ಕಕ್ಕೆ ಬಿಚ್ಚಲು ಅದಕ್ಕೆ ಅಷ್ಟು ಸುಲಭವಿಲ್ಲ. ಒರಟು ಉಣ್ಣೆಯಾದರೆ ಎಳೆಗಳು ತಾವೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕತ್ತರಿಸುವ ಗೆರೆಯ ಎರಡೂ ಬದಿಗೆ ಮೊದಲೇ ಹೊಲಿಗೆ ಹಾಕಿಕೊಂಡರೆ ಇನ್ನೂ ಭದ್ರ. ಕತ್ತರಿ ಆಡಿಸುವ ಆ ಹೊತ್ತಿನ ರೋಮಾಂಚನ ಬೇರೆ ಯಾವ ಹೆಣಿಗೆಯಲ್ಲೂ ನನಗೆ ಸಿಕ್ಕಿಲ್ಲ.

ಎರಡೂ ಹವ್ಯಾಸ ಒಂದೇ ಪಾತ್ರೆಗೆ ಬೀಳುವುದು ಬಣ್ಣ ಹಾಕುವಾಗ. ಈರುಳ್ಳಿಯ ಒಣ ಸಿಪ್ಪೆಯನ್ನು ಕೂಡಿಡಿ. ಉಣ್ಣೆಯ ಲಡಿಯನ್ನು ಮೊದಲು ಪಟಿಕದ ನೀರಲ್ಲಿ ಬಿಸಿ ಮಾಡಿಟ್ಟುಕೊಳ್ಳಿ, ಬಣ್ಣ ಎಳೆಗೆ ಹಿಡಿದುಕೊಳ್ಳಲು ಅದು ಬೇಕು. ಸಿಪ್ಪೆ ಕುದಿಸಿ ಸೋಸಿದ ನೀರಿಗೆ ಲಡಿ ಹಾಕಿ ಕುದಿಯದಂತೆ ಸಣ್ಣ ಉರಿಯಲ್ಲಿಟ್ಟರೆ ಹೊಂಬಣ್ಣದಿಂದ ಇಟ್ಟಿಗೆ ಬಣ್ಣದವರೆಗೆ ಏನಾದರೂ ಬರಬಹುದು, ಪ್ರತಿ ಸಲವೂ ಬೇರೆ. ಅರಿಸಿನ ಪಟಿಕವಿಲ್ಲದೆಯೂ ಹಿಡಿಯುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಬೀಟ್‌ರೂಟ್ ಪಾತ್ರೆಯಲ್ಲಿ ಕಂಡಷ್ಟು ಚೆಂದ ನೂಲಿನಲ್ಲಿ ಉಳಿಯುವುದಿಲ್ಲ. ನೇರಳೆ ಎಲೆಕೋಸಿನ ನೀರು ಮಾತ್ರ ಒಂದು ಹಬ್ಬ. ನಿಂಬೆರಸ ಹಿಂಡಿದರೆ ಗುಲಾಬಿ, ಅಡುಗೆ ಸೋಡಾ ಹಾಕಿದರೆ ನೀಲಿ, ಜಾಸ್ತಿಯಾದರೆ ಹಸಿರಿನ ಕಡೆಗೆ. ಅದೇ ನೀರು ಅನ್ನಕ್ಕೋ ಹಿಟ್ಟಿಗೋ ಬಿದ್ದರೂ ಇದೇ ಆಟ. ಆದರೆ ನೂಲಿಗೆ ಬಣ್ಣ ಹಾಕುವ ಪಾತ್ರೆ, ಸೌಟು ಅಡುಗೆಯದಾಗಬಾರದು. ಅವಕ್ಕೆ ಒಂದು ಜೊತೆ ಹಳೆಯದನ್ನು ಬೇರೆಯೇ ಇಟ್ಟುಬಿಡಿ. ಲಡಿಯನ್ನು ಬಿಸಿ ನೀರಿಂದ ತೆಗೆದು ತಕ್ಷಣ ತಣ್ಣೀರಿಗೆ ಹಾಕಿ ಹಿಂಡಲೂಬಾರದು, ಪಾತ್ರೆಯಲ್ಲೇ ತಣ್ಣಗಾಗಲಿ. ಇಲ್ಲವಾದರೆ ನೂಲು ಅಲ್ಲೇ ಫೆಲ್ಟ್ ಆಗಲು ಶುರುವಾಗುತ್ತದೆ.

ಇಂಥ ನೂಲನ್ನು ಪರೀಕ್ಷಿಸಲು ಟೋಪಿಗಿಂತ ಒಳ್ಳೆಯದು ಇಲ್ಲ. ಬೇಗ ಮುಗಿಯುತ್ತದೆ, ಒಂದು ಲಡಿ ಸಾಕು, ತಲೆಯ ಅಳತೆಗೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಹಿಗ್ಗಿ ಕೂರುತ್ತದೆ. ಈಗ ನನ್ನ ಹತ್ತಿರ ಸಿಪ್ಪೆಯ ಹೊಂಬಣ್ಣ, ಅರಿಸಿನದ ಹಳದಿ, ಎಲೆಕೋಸಿನ ನೀಲಿ ಮೂರೂ ಇವೆ. ಮೂರನ್ನೂ ಪಟ್ಟೆಪಟ್ಟೆಯಾಗಿ ಹೆಣೆಯಬೇಕು ಅಂತಿದ್ದೇನೆ. ಅದಕ್ಕೂ ಮೊದಲು ಒಂದೊಂದರಿಂದಲೂ ಒಂದು ತುಂಡು ನೂಲನ್ನು ರಟ್ಟಿಗೆ ಸುತ್ತಿ, ಅರ್ಧ ಭಾಗ ಕಾಗದದಿಂದ ಮುಚ್ಚಿ, ಕಿಟಕಿಯಲ್ಲಿ ಬಿಸಿಲಿಗಿಟ್ಟಿದ್ದೇನೆ. ಎರಡು ವಾರ ಬಿಟ್ಟು ಕಾಗದ ತೆಗೆದು ಎರಡೂ ಭಾಗ ಹೋಲಿಸಿ ನೋಡಬೇಕು. ಎಲೆಕೋಸಿನ ನೀಲಿ ಪೂರ್ತಿ ಮಾಸಿದ್ದರೆ ಟೋಪಿಯ ಒಳಮಡಿಕೆಗೆ ಅದನ್ನು ಹಾಕುತ್ತೇನೆ, ಅಲ್ಲಿ ಬಿಸಿಲು ತಾಗುವುದಿಲ್ಲ.